ಹಳದಿ ಬಟನ್ ರೋಸ್ ಸಾಕುವವರು ಎಲೆ ನೋಡಬೇಕು

ನರ್ಸರಿಗೆ ಹೋದವರಲ್ಲಿ ಹಳದಿ ಬಟನ್ ರೋಸ್ ಮೇಲೆ ಕಣ್ಣು ಹಾಕದೆ ಬರುವವರು ಕಡಿಮೆ. ಗೇಣುದ್ದದ ಗಿಡ, ಅದರ ತುಂಬ ಅರಿಶಿನ ಬಣ್ಣದ ಪುಟ್ಟ ಹೂ. ಮನೆಗೆ ತಂದು ತಿಂಗಳು ಕಳೆಯುವುದರೊಳಗೆ ಎಲೆಯೆಲ್ಲ ಉದುರಿ ಬರೀ ಕಡ್ಡಿ ಉಳಿದರೆ, ‘ನಮ್ಮ ಕೈಗುಣವೇ ಸರಿಯಿಲ್ಲ’ ಅಂತ ಪೇಚಾಡುತ್ತಾರೆ. ಇದರಲ್ಲಿ ಕೈಗುಣದ್ದೇನೂ ಇಲ್ಲ. ಹಳದಿ ಗುಲಾಬಿಯ ಎಲೆ ಹುಟ್ಟಾ ಸೂಕ್ಷ್ಮ. ಫ್ರಾನ್ಸಿನ ಲಿಯೋನ್ ಊರಿನ ಪೆರ್ನೆ-ದುಶೆ ಎಂಬ ತಳಿಗಾರ ‘ಪರ್ಷಿಯನ್ ಯೆಲ್ಲೋ’ ಎಂಬ ಗುಲಾಬಿಯನ್ನು ಸಂಕರ ಮಾಡಿ 1900ರಲ್ಲಿ ‘ಸೊಲೈ ದೋರ್’ ತಳಿಯನ್ನು ಹೊರತಂದ. ಇವತ್ತಿನ ಕಡು ಹಳದಿ ಗುಲಾಬಿಗಳ ಬಣ್ಣ ಬಹುಮಟ್ಟಿಗೆ ಆ ವಂಶದ್ದು. ಬಣ್ಣದ ಜೊತೆಗೆ ಎಲೆ ಉದುರಿಸುವ ಕಪ್ಪು ಚುಕ್ಕೆ ರೋಗಕ್ಕೆ ಬೇಗ ತುತ್ತಾಗುವ ಗುಣವೂ ಬಂತು. ಕೆಂಪು ಬಟನ್ ರೋಸ್ ಸಹಿಸಿಕೊಳ್ಳುವ ಉದಾಸೀನವನ್ನು ಹಳದಿ ಎಷ್ಟೋ ಸಲ ಸಹಿಸುವುದಿಲ್ಲ.

ಕೊಳ್ಳುವಾಗಲೇ ಅರ್ಧ ಕೆಲಸ ಮುಗಿಯುತ್ತದೆ. ಅಮೆರಿಕದ ರಾಲ್ಫ್ ಮೂರ್ 1977ರಲ್ಲಿ ಕೊಟ್ಟ ‘ರೈಸ್ ಎನ್ ಶೈನ್’ ಥರದ ಹೆಸರಾದ ಹಳದಿ ಮಿನಿಯೇಚರ್ ಅಂದರೆ ಪುಟ್ಟ ಗುಲಾಬಿಗಳಿವೆ, ಆದರೆ ನಮ್ಮ ಕಡೆ ಕುಂಡಕ್ಕೆ ಹೆಸರಿನ ಚೀಟಿ ಅಂಟಿಸಿರುವುದು ಅಪರೂಪ. ‘ಯೆಲ್ಲೋ ಬಟನ್’ ಅಂದರೆ ಮುಗಿಯಿತು. ಆದ್ದರಿಂದ ಬೆಂಗಳೂರಿನ ಸಿದ್ದಾಪುರದ ನರ್ಸರಿ ಸಾಲಿಗೆ ಹೋಗಿ, ನಿಮ್ಮೂರಿನ ನರ್ಸರಿಗೇ ಹೋಗಿ, ಹೂ ನೋಡಬೇಡಿ. ಬಗ್ಗಿ ಬುಡದ ಎಲೆ ನೋಡಿ. ಬುಡದವರೆಗೂ ಎಲೆಯಿದ್ದು, ಒಂದೆರಡು ಮೊಗ್ಗು ಮಾತ್ರ ಇರುವ ಗಿಡವನ್ನು ಆರಿಸಿಕೊಳ್ಳಿ. ಜನವರಿ, ಆಗಸ್ಟ್‌ನ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಮೈತುಂಬ ಹೂ ಹೊತ್ತ ಗಿಡ ಸಿಗುತ್ತದೆ ನಿಜ, ಆದರೆ ಅಷ್ಟು ಹೂ ಬಿಟ್ಟು ದಣಿದ ಗಿಡವನ್ನು ಮನೆಯಲ್ಲಿ ಸುಧಾರಿಸುವ ಕೆಲಸ ನಿಮ್ಮದಾಗುತ್ತದೆ. ಚಿಕ್ಕ ಕುಂಡದಲ್ಲಿ ಮೂರ್ನಾಲ್ಕು ಕಡ್ಡಿಗಳನ್ನು ಒಟ್ಟಿಗೆ ಬೇರು ಬರಿಸಿ ಒಂದೇ ಗಿಡದ ಹಾಗೆ ಮಾರುವುದೂ ಉಂಟು. ಮಣ್ಣು ಸರಿಸಿ ನೋಡಿದರೆ ಗೊತ್ತಾಗುತ್ತದೆ. ಮೊದಲ ಹೂ ಮುಗಿದ ಮೇಲೆ ಅದನ್ನು ದೊಡ್ಡ ಕುಂಡಕ್ಕೆ ಬದಲಾಯಿಸಿ. ಬೇರು ಹೆಣೆದುಕೊಂಡಿದ್ದರೆ ಬಿಡಿಸುವ ಹಟ ಬೇಡ.

ಎಂಟರಿಂದ ಹತ್ತು ಇಂಚಿನ ಕುಂಡ ಸಾಕು. ಅದಕ್ಕಿಂತ ದೊಡ್ಡದರಲ್ಲಿ ಪುಟ್ಟ ಬೇರಿನ ಸುತ್ತ ಮಣ್ಣು ಒದ್ದೆಯಾಗಿಯೇ ಉಳಿಯುತ್ತದೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ದಪ್ಪ ಮರಳು, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ಮಹಡಿಯ ಬಾಲ್ಕನಿಯಾದರೆ ಮರಳಿನ ಬದಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹಾಕಿ, ಭಾರ ಕಡಿಮೆಯಾಗುತ್ತದೆ. ಆದರೆ ಬರೀ ಕೋಕೋಪೀಟ್‌ನಲ್ಲಿ ಗುಲಾಬಿ ನಿಲ್ಲುವುದಿಲ್ಲ. ಬಿಸಿಲು ದಿನಕ್ಕೆ ಐದಾರು ಗಂಟೆ ಬೇಕೇಬೇಕು, ಅದೂ ಪೂರ್ವದ ಬೆಳಗಿನ ಬಿಸಿಲಾದರೆ ಶ್ರೇಷ್ಠ. ಎಲೆಯ ಮೇಲಿನ ಇಬ್ಬನಿ ಬೇಗ ಆರುತ್ತದೆ, ಹೂವಿನ ಹಳದಿಯೂ ಉಳಿಯುತ್ತದೆ. ಪಶ್ಚಿಮದ ಬಾಲ್ಕನಿಯಲ್ಲಿ ಏಪ್ರಿಲ್ ಬಿಸಿಲಿಗೆ ಬೆಳಗ್ಗೆ ಅರಿಶಿನವಾಗಿದ್ದ ಹೂ ಸಂಜೆಗೆ ಬೆಣ್ಣೆ ಬಣ್ಣಕ್ಕೆ ತಿರುಗಿರುತ್ತದೆ. ಅದು ರೋಗವಲ್ಲ, ಔಷಧಿ ಹುಡುಕಬೇಡಿ. ಮಧ್ಯಾಹ್ನಕ್ಕೊಂದು ಹಸಿರು ಬಲೆ ಕಟ್ಟಿದರಾಯಿತು.

ಇನ್ನು ನೀರಿನ ವಿಷಯ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಕಪ್ಪು ಚುಕ್ಕೆ ರೋಗ ಬರಿಸುವ ಶಿಲೀಂಧ್ರದ ಬೀಜಕಣಕ್ಕೆ ಎಲೆಯೊಳಗೆ ಇಳಿಯಲು ಸುಮಾರು ಏಳು ಗಂಟೆ ಬಿಡದೆ ಒದ್ದೆ ಬೇಕು. ಸಂಜೆ ಆಫೀಸಿಂದ ಬಂದು ಪೈಪ್ ಹಿಡಿದು ಗಿಡದ ತಲೆ ಮೇಲೆ ನೀರು ಸುರಿದರೆ ರಾತ್ರಿಯಿಡೀ ಆ ಒದ್ದೆಯನ್ನು ನಾವೇ ಒದಗಿಸಿಕೊಟ್ಟ ಹಾಗೆ. ಬೆಳಗ್ಗೆ ಕಾಫಿಗೆ ಮುಂಚೆ ಬುಡಕ್ಕೆ ಮಾತ್ರ ನೀರು ಹಾಕಿ. ಬೆರಳನ್ನು ಒಂದು ಇಂಚು ಮಣ್ಣಿಗೆ ಇಳಿಸಿ ನೋಡಿ, ಒಣಗಿದ್ದರೆ ಕೆಳಗಿನ ತೂತಿನಿಂದ ಹೊರಬರುವಷ್ಟು ಹಾಕಿ, ಒದ್ದೆಯಿದ್ದರೆ ಬಿಡಿ. ತಟ್ಟೆಯಲ್ಲಿ ನಿಂತ ನೀರು ಚೆಲ್ಲಲೇಬೇಕು. ಬೇರು ಕೊಳೆಯುವುದು ಒಂದು ಕಡೆ, ಡೆಂಗಿ ಸೊಳ್ಳೆ ಮೊಟ್ಟೆಯಿಡುವುದೂ ಇಂಥ ತಟ್ಟೆಯಲ್ಲೇ. ಚುಕ್ಕೆ ಬಿದ್ದು ಸುತ್ತ ಹಳದಿಯಾದ ಎಲೆಯನ್ನು ಕಿತ್ತು ಕಸಕ್ಕೆ ಹಾಕಿ, ಕಾಂಪೋಸ್ಟ್ ಡಬ್ಬಕ್ಕೆ ಬೇಡ. ಬುಡದಲ್ಲಿ ಉದುರಿದ್ದನ್ನೂ ಆರಿಸಿ, ಮಳೆಹನಿ ಬಿದ್ದಾಗ ಅಲ್ಲಿಂದಲೇ ಮೇಲಕ್ಕೆ ಸಿಡಿಯುವುದು. ಮಂಗಳೂರು, ಮಲೆನಾಡಿನ ಕಡೆಯವರು ಜೂನ್ ಬಂದೊಡನೆ ಕುಂಡವನ್ನು ಸೂರಿನ ಕೆಳಗೆ, ಬೆಳಕು ಬೀಳುವ ಕಡೆ ಎಳೆದಿಟ್ಟುಕೊಳ್ಳಿ. ಅಲ್ಲಿನ ಮಳೆಯಲ್ಲಿ ಯಾವ ಔಷಧಿಯೂ ಎಲೆಯ ಮೇಲೆ ನಿಲ್ಲದು.

ಎಲೆ ಹಳದಿಯಾದದ್ದೆಲ್ಲ ಕಪ್ಪು ಚುಕ್ಕೆಯಲ್ಲ. ಬೋರ್‌ವೆಲ್ ನೀರು ಹಾಕುವ ಅಪಾರ್ಟ್‌ಮೆಂಟ್‌ಗಳಲ್ಲಿ ತುದಿಯ ಎಳೆ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುವುದನ್ನು ನೋಡಿರುತ್ತೀರಿ. ಗಡಸು ನೀರಿನ ಸುಣ್ಣದಿಂದ ಮಣ್ಣು ಕ್ಷಾರವಾಗುತ್ತದೆ, ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರು ಎತ್ತಿಕೊಳ್ಳಲಾರದು. ತುಕ್ಕು ಮೊಳೆ ಹೂತಿಡಿ ಅಂತ ಯಾರಾದರೂ ಹೇಳಿಯಾರು, ಅದರಿಂದ ಏನೂ ಆಗದು. ಮೊಟ್ಟೆ ಸಿಪ್ಪೆ ಇಲ್ಲಿ ಇನ್ನೂ ಕೆಟ್ಟದ್ದು, ಸುಣ್ಣದ ಮೇಲೆ ಸುಣ್ಣ. ಮಳೆನೀರು ಒಂದು ಡ್ರಮ್ ಹಿಡಿದಿಡಿ, ಇಲ್ಲವೇ ಕಾವೇರಿ ನೀರು ಬಂದ ದಿನ ಗಿಡದ ಪಾಲು ತೆಗೆದಿಡಿ. ಅಂಗಡಿಯಲ್ಲಿ ಸಿಗುವ ಐರನ್ ಚಿಲೇಟ್ (ಬೇರು ಎತ್ತಿಕೊಳ್ಳಬಲ್ಲ ರೂಪದ ಕಬ್ಬಿಣ) ಪುಡಿಯನ್ನು ಪ್ಯಾಕೆಟ್ ಮೇಲಿನ ಅಳತೆಯಲ್ಲಿ ಕಲಸಿ ಹಾಕಿದರೆ ಹೊಸ ಚಿಗುರು ಹಸಿರಾಗುತ್ತದೆ. ಹಾಗಲ್ಲದೆ ಬುಡದ ಹಳೆಯ ಎಲೆ ಒಂದೊಂದೇ ಹಣ್ಣಾದರೆ ಸಾಮಾನ್ಯವಾಗಿ ಹಸಿವು, ಗೊಬ್ಬರ ಕೊಡಿ.

ಗೊಬ್ಬರ ಅಂದ ಕೂಡಲೇ ಅಡುಗೆಮನೆಯ ಉಳಿಕೆಯೆಲ್ಲ ಕುಂಡಕ್ಕೆ ಸುರಿಯಬೇಡಿ. ಹಾಲು ಸಕ್ಕರೆ ಬೆರೆತ ಚಹಾ ಚರಟ ಇರುವೆ ಕರೆಯುತ್ತದೆ, ತೊಳೆದು ಒಣಗಿಸಿ ಚಿಟಿಕೆ ಹಾಕಿದರೆ ಸರಿ. ಕಡಲೆಕಾಯಿ ಹಿಂಡಿ ನೆನೆಸಿದ ನೀರು ಗುಲಾಬಿಗೆ ಅಮೃತವೇ, ಆದರೆ ಪಕ್ಕದ ಮನೆಯವರು ಮೂಗು ಮುಚ್ಚಿಕೊಳ್ಳುತ್ತಾರೆ, ಹಾಗೇ ಪುಡಿ ಹಾಕಿದರೆ ಇಲಿ ಬಂದು ಕುಂಡ ಬಗೆಯುತ್ತದೆ. ಚಿಕ್ಕ ಬಾಲ್ಕನಿಗೆ ತಿಂಗಳಿಗೊಮ್ಮೆ ಎರಡು ಹಿಡಿ ಎರೆಗೊಬ್ಬರ ಸಾಕು.

ಹಳದಿ ಹೂವಿಗೆ ಥ್ರಿಪ್ಸ್ ಎಂಬ ಸಣ್ಣ ಹುಳಗಳ ಕಾಟ ಹೆಚ್ಚು. ತಿಳಿ ಬಣ್ಣ ಅವಕ್ಕೆ ಇಷ್ಟ. ಮೊಗ್ಗಿನ ಅಂಚು ಸುಟ್ಟ ಹಾಗೆ ಕಂದಾಗಿ ಅರಳದೆ ನಿಂತರೆ ಅದನ್ನು ಬಿಳಿ ಕಾಗದದ ಮೇಲೆ ಕೊಡವಿ, ಎಳ್ಳಿಗಿಂತ ಸಣ್ಣ ಹುಳ ಓಡಾಡುವುದು ಕಾಣುತ್ತದೆ. ಅಂಥ ಮೊಗ್ಗುಗಳನ್ನು ಚಿವುಟಿ ತೆಗೆದು, ಲೀಟರ್ ನೀರಿಗೆ ಐದು ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಕಲಸಿ ಬೆಳಗ್ಗೆ ಬಿಸಿಲೇರುವ ಮುಂಚೆ ಸಿಂಪಡಿಸಿ, ವಾರಕ್ಕೊಮ್ಮೆ ಮೂರು ವಾರ. ಯುಗಾದಿಯ ನಂತರದ ಒಣ ದಿನಗಳಲ್ಲಿ ಎಲೆಯ ಕೆಳಗೆ ಸಣ್ಣ ಬಲೆ, ಮೇಲೆ ಧೂಳಿನಂಥ ಚುಕ್ಕೆ ಕಂಡರೆ ಅದು ಕೆಂಪು ಜೇಡನುಸಿ. ಅದಕ್ಕೆ ಮೊದಲು ಬೇಕಾದದ್ದು ನೀರು. ಎಲೆ ಒದ್ದೆ ಮಾಡಬೇಡಿ ಅಂದವಳೇ ಈಗ ಹೇಳುತ್ತಿದ್ದೇನೆ: ಬೆಳಗ್ಗೆ ಎಲೆಯ ಅಡಿಭಾಗಕ್ಕೆ ಜೋರಾಗಿ ನೀರು ಚಿಮ್ಮಿಸಿ, ಗಂಟೆಯೊಳಗೆ ಬಿಸಿಲಿಗೆ ಒಣಗುತ್ತದೆ, ಭಯವಿಲ್ಲ. ಡಿಸೆಂಬರ್‌ನಲ್ಲಿ ಎಲೆ ಮೇಲೆ ಬಿಳಿ ಪುಡಿ ಕೂರುವ ಬೂದಿ ರೋಗಕ್ಕೆ ಗಾಳಿಯಾಡುವ ಹಾಗೆ ಕುಂಡಗಳನ್ನು ದೂರ ದೂರ ಇಡಿ.

ಕತ್ತರಿ ಹಾಕಲು ಹೆದರಬೇಡಿ, ಹಾಗಂತ ದೊಡ್ಡ ಗುಲಾಬಿಯ ಹಾಗೆ ಬುಡಮಟ್ಟ ಕೊಯ್ಯಲೂ ಬೇಡಿ. ದಸರಾ ಕಳೆದು ಮಳೆ ಹಿಂದಾದ ಮೇಲೆ ಮೂರನೇ ಒಂದು ಭಾಗ ತೆಗೆದು, ಒಣಕಲು ಕಡ್ಡಿ ಮತ್ತು ಒಳಮುಖವಾಗಿ ಬೆಳೆದ ರೆಂಬೆಗಳನ್ನು ಬಿಡಿಸಿ. ಉಳಿದ ಕಾಲದಲ್ಲಿ ಬಾಡಿದ ಹೂವನ್ನು ಐದೆಲೆಯ ಗೊಂಚಲಿನ ಮೇಲೆ ಕತ್ತರಿಸುತ್ತಿದ್ದರೆ ಐದಾರು ವಾರಕ್ಕೆ ಮತ್ತೆ ಹೂ. ವರಮಹಾಲಕ್ಷ್ಮಿ ಹಬ್ಬಕ್ಕೆ ಪೇಟೆಯಲ್ಲಿ ಹೂವಿನ ಬೆಲೆ ಏರುವುದು ಗೊತ್ತೇ ಇದೆ, ಹಬ್ಬದಿಂದ ಹಿಂದಕ್ಕೆ ಆರು ವಾರ ಎಣಿಸಿ ಕತ್ತರಿ ಹಿಡಿಯಿರಿ. ಕಸಿ ಗಿಡವಾದರೆ ಕಸಿಗಂಟಿನ ಕೆಳಗಿನಿಂದ ಬಂದ ಚಿಗುರನ್ನು ಬುಡಸಮೇತ ಕಿತ್ತುಹಾಕಿ. ಏಳೆಲೆ ಕಂಡರೆ ಕಾಡು ಚಿಗುರು ಅನ್ನುವ ಮಾತಿದೆ, ಬಟನ್ ರೋಸ್‌ನಲ್ಲೇ ಏಳೆಲೆ ಬರುವುದರಿಂದ ಅದನ್ನು ನಂಬಬೇಡಿ. ಎಲ್ಲಿಂದ ಹೊರಟಿದೆ ಅನ್ನುವುದನ್ನಷ್ಟೇ ನೋಡಿ.

ಕತ್ತರಿಸಿದ ಕಡ್ಡಿ ಎಸೆಯಬೇಡಿ. ಈಗಷ್ಟೇ ಹೂ ಉದುರಿದ, ಬಗ್ಗಿಸಿದರೆ ಮುರಿಯದ ರೆಂಬೆಯಲ್ಲಿ ಮೂರ್ನಾಲ್ಕು ಗಿಣ್ಣಿನಷ್ಟು ತೆಗೆದು, ಮೇಲಿನ ಎರಡು ಎಲೆ ಮಾತ್ರ ಉಳಿಸಿ, ಒದ್ದೆ ಮರಳು-ಕೋಕೋಪೀಟ್‌ನಲ್ಲಿ ಎರಡು ಗಿಣ್ಣು ಮುಳುಗುವ ಹಾಗೆ ನೆಡಿ. ತಳ ಕತ್ತರಿಸಿದ ನೀರಿನ ಬಾಟಲಿಯನ್ನು ಮೇಲೆ ಕವಿಚಿ, ಮುಚ್ಚಳ ತೆಗೆದು ನೆರಳಲ್ಲಿಡಿ. ಮೆಲ್ಲಗೆ ಎಳೆದಾಗ ಕಡ್ಡಿ ಬಿಗಿಯಾಗಿ ಹಿಡಿದುಕೊಂಡರೆ ಬೇರು ಬಂದಿದೆ, ತಿಂಗಳಿಂದ ಒಂದೂವರೆ ತಿಂಗಳು ಬೇಕು. ಬಾಟಲಿಯನ್ನು ಒಮ್ಮೆಲೇ ತೆಗೆಯದೆ ದಿನಕ್ಕಿಷ್ಟು ಹೊತ್ತು ಅಂತ ಒಂದು ವಾರದಲ್ಲಿ ಅಭ್ಯಾಸ ಮಾಡಿಸಿ, ಮೊದಲು ಬಂದ ಮೊಗ್ಗನ್ನು ಮನಸ್ಸು ಗಟ್ಟಿ ಮಾಡಿಕೊಂಡು ಚಿವುಟಿಬಿಡಿ.