ಬೆಳಗಾವಿಯಲ್ಲಿ ರೇಸಿಂಗ್ ಇಸಿಯು ತಯಾರಿಕೆಗೆ ಇಳಿಯುವವರಿಗೆ

ಬೆಳಗಾವಿಯ ಉದ್ಯಮಬಾಗದಲ್ಲಿ ಎರಕ ಹಾಗೂ ಯಂತ್ರಗೆಲಸದ ಘಟಕಗಳು ಬೇಕಾದಷ್ಟಿರುವುದರಿಂದ, ರೇಸಿಂಗ್ ವಾಹನಗಳಿಗೆ ಇಸಿಯು, ಅಂದರೆ ಇಂಜಿನ್ ನಿಯಂತ್ರಣ ಘಟಕ, ತಯಾರಿಸಲು ಹೊರಟ ಇಂಜಿನಿಯರಿಗೆ ಅಲ್ಯೂಮಿನಿಯಂ ಕವಚ ಮಾಡಿಸುವುದು ದೊಡ್ಡ ಮಾತಲ್ಲ. ಕಷ್ಟವಿರುವುದು ಒಳಗಿನ ಬೋರ್ಡಿನಲ್ಲಿ.

ಮೊದಲು ವಿದ್ಯುತ್ ಪೂರೈಕೆಯ ಭಾಗವನ್ನು ಗಟ್ಟಿ ಮಾಡಿಕೊಳ್ಳಿ. ವಾಹನದ 12 ವೋಲ್ಟ್ ಎಂಬುದು ಹೆಸರಿಗಷ್ಟೇ: ಸ್ಟಾರ್ಟರ್ ತಿರುಗುವಾಗ ಅದು 6 ವೋಲ್ಟಿನ ಆಸುಪಾಸಿಗೆ ಕುಸಿಯಬಹುದು, ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿರುವಾಗ ಬ್ಯಾಟರಿಯ ತಂತಿ ಕಳಚಿದರೆ ಕ್ಷಣಕಾಲ 80 ವೋಲ್ಟನ್ನೂ ಮುಟ್ಟಬಹುದು. ಈ ಹೊಡೆತ ತಾಳುವ ಟಿವಿಎಸ್ ಡಯೋಡ್ (ವೋಲ್ಟೇಜ್ ದಿಢೀರನೆ ಏರಿದಾಗ ಅದನ್ನು ತಡೆಯುವ ಬಿಡಿಭಾಗ) ಮತ್ತು ಬ್ಯಾಟರಿಯನ್ನು ಉಲ್ಟಾ ಜೋಡಿಸಿದರೂ ಸುಡದಂಥ ರಕ್ಷಣೆ ಇರಲೇಬೇಕು. ನನ್ನ ಮೊದಲ ಬೋರ್ಡಿಗೆ ಚಿಕ್ಕ ಡಯೋಡ್ ಹಾಕಿ ಹಣ ಉಳಿಸಿದೆನೆಂದು ಬೀಗಿದ್ದೆ. ಒಂದೇ ಪರೀಕ್ಷೆಯಲ್ಲಿ ಅದು ಕರಕಲಾಯಿತು, ಪಕ್ಕದ ತಾಮ್ರದ ಗೆರೆಯೂ ಸಿಪ್ಪೆಯಂತೆ ಎದ್ದು ಬಂತು.

ಇಂಜಿನ್ 12,000 ಆರ್‌ಪಿಎಂನಲ್ಲಿ ತಿರುಗುವಾಗ ಕ್ರ್ಯಾಂಕ್ ಒಂದು ಡಿಗ್ರಿ ಸರಿಯಲು ತಗಲುವುದು ಸುಮಾರು 14 ಮೈಕ್ರೊಸೆಕೆಂಡ್ ಮಾತ್ರ. ಹೀಗಾಗಿ ಸ್ಪಾರ್ಕಿನ ಹೊತ್ತನ್ನು ಪ್ರೋಗ್ರಾಮಿನ ಮುಖ್ಯ ಲೂಪಿಗೆ ಬಿಡದೆ, ಮೈಕ್ರೊಕಂಟ್ರೋಲರಿನ ಹಾರ್ಡ್‌ವೇರ್ ಟೈಮರಿಗೆ ಒಪ್ಪಿಸಿ.

ಚಿಪ್‌ಗಳನ್ನು ವಾಹನಗಳ ಚಿಪ್ಪಿಗೆಂದೇ ಇರುವ ಎಇಸಿ-ಕ್ಯೂ100 ಎಂಬ ಗುಣಮಟ್ಟದ ಗ್ರೇಡ್ 1ರಲ್ಲಿಯೇ ಕೊಳ್ಳಿ. ಅವು ಮೈನಸ್ 40ರಿಂದ 125 ಡಿಗ್ರಿ ಸೆಲ್ಸಿಯಸ್‌ವರೆಗಿನ ಪರಿಸರಕ್ಕೆ ಪರೀಕ್ಷಿತವಾಗಿರುತ್ತವೆ. ಅಗ್ಗದ ಕನೆಕ್ಟರ್ ಮಾತ್ರ ಬೇಡವೇ ಬೇಡ, ಏಕೆಂದರೆ ಅದುರಾಟಕ್ಕೆ ಪಿನ್ ಸಡಿಲಗೊಂಡಾಗ ಗ್ರಾಹಕರು ಬೈಯುವುದು ನಿಮ್ಮ ಸಾಫ್ಟ್‌ವೇರನ್ನೇ.

ದರ ಕಟ್ಟುವಾಗ ಬಿಡಿಭಾಗಗಳ ಬೆಲೆಯ ಜೊತೆಗೆ ಪರೀಕ್ಷೆಯ ಶುಲ್ಕವನ್ನೂ ವಾರಂಟಿಯಲ್ಲಿ ಮರಳಿ ಬರುವ ಘಟಕಗಳ ಖರ್ಚನ್ನೂ ಸೇರಿಸಿಕೊಳ್ಳಿ. ಮೊದಲ ಹತ್ತು ಘಟಕಗಳನ್ನು ಇಂಜಿನ್ ಹದಗೊಳಿಸುವ ಪರಿಚಿತ ಟ್ಯೂನರ್‌ಗಳಿಗೇ ಕೊಟ್ಟು, ಇಸಿಯು ದಾಖಲಿಸಿದ ಲಾಗ್ ಫೈಲುಗಳನ್ನು ತರಿಸಿಕೊಂಡು ನೋಡಿದ ಮೇಲಷ್ಟೇ ಮುಂದಿನ ಕಂತಿನ ಘಟಕಗಳಿಗೆ ಬೋರ್ಡ್ ಆರ್ಡರ್ ಮಾಡಿ.