ಪೂಲ್ ಫಿಲ್ಟರ್ ತೊಳೆದಾಯ್ತು, ಮತ್ತೆ ಜೋಡಿಸೋದು ಹೇಗೆ? ಫೀನಿಕ್ಸ್‌ಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ಕಡೆ ಕೆಲಸ ಸಿಕ್ಕಿ ಚಾಂಡ್ಲರ್‌ನಲ್ಲೋ ಗಿಲ್ಬರ್ಟ್‌ನಲ್ಲೋ ಮನೆ ಹಿಡಿದಿದ್ದೀರಾ? ಹಾಗಾದರೆ ಹಿತ್ತಲಲ್ಲಿ ಈಜುಕೊಳ ಇರೋ ಸಾಧ್ಯತೆ ಜಾಸ್ತಿ. ಮಕ್ಕಳಿಗೆ ಖುಷಿಯೋ ಖುಷಿ. ಆದರೆ ಅದರ ಪಕ್ಕದಲ್ಲಿ ಸೊಂಟದೆತ್ತರದ ಒಂದು ಡಬ್ಬಿ ನಿಂತಿರುತ್ತದಲ್ಲ, ಫಿಲ್ಟರ್, ಅದನ್ನು ನೋಡಿಕೊಳ್ಳೋದು ಊರಲ್ಲಿ ನಮಗೆ ಯಾರೂ ಕಲಿಸಿರಲಿಲ್ಲ. ಸಂಪು ತೊಳೆದು ಗೊತ್ತು, ಬೋರ್‌ವೆಲ್ ಮೋಟಾರ್ ಗೊತ್ತು. ಇದು ಬೇರೆ.

ತೊಳೆಯೋದನ್ನು ಎಲ್ಲರೂ ಹೇಳಿಕೊಡುತ್ತಾರೆ. ತಪ್ಪಾಗೋದು ಮಾತ್ರ ತೊಳೆದ ಮೇಲೆ, ವಾಪಸ್ ಜೋಡಿಸುವಾಗ. ಅದಕ್ಕೇ ಇಲ್ಲಿ ಬರೆಯೋದೆಲ್ಲ ಹೆಚ್ಚಾಗಿ ಜೋಡಿಸೋದರ ಬಗ್ಗೆ.

ಬಾಡಿಗೆ ಮನೆಯಾದರೆ ಮೊದಲು ಕರಾರು ನೋಡಿ. ಪೂಲ್ ನೋಡಿಕೊಳ್ಳೋದು ಮಾಲೀಕರ ಪಾಲಿಗೆ ಬಂದಿದ್ದರೆ ನೀವು ಫಿಲ್ಟರ್ ಮುಟ್ಟಲೇಬೇಡಿ, ಅವರಿಗೆ ಫೋನ್ ಮಾಡಿ. ನಿಮ್ಮ ಪಾಲಿಗೆ ಬಂದಿದ್ದರೆ, ಯಾವ ಬಗೆಯ ಫಿಲ್ಟರ್ ಅಂತ ತಿಳ್ಕೊಳ್ಳಿ. ಮರಳಿನ ಫಿಲ್ಟರ್ ಆದರೆ ಸಾಮಾನ್ಯವಾಗಿ ಬಿಚ್ಚೋ ಪ್ರಮೇಯವೇ ಇಲ್ಲ, ವಾಲ್ವ್ ತಿರುಗಿಸಿ ನೀರು ಉಲ್ಟಾ ಹರಿಸಿದರೆ ಕೊಳೆ ಹೋಗುತ್ತದೆ. ಬಿಳಿ ಪುಡಿ ಹಾಕೋ ಡಿ.ಇ. ಫಿಲ್ಟರ್ ಇದ್ದರೆ ಮೊದಲ ಸಲ ಗೊತ್ತಿದ್ದವರನ್ನು ಕರೆಸಿ. ಆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಮಾಸ್ಕ್ ಬೇಕು. ನಾನು ಹೇಳೋದು ಕಾರ್ಟ್ರಿಡ್ಜ್ ಫಿಲ್ಟರ್ ಬಗ್ಗೆ. ಕಾರ್ಟ್ರಿಡ್ಜ್ ಅಂದರೆ ಮಡಿಕೆ ಮಡಿಕೆಯಾಗಿ ಬಟ್ಟೆ ಸುತ್ತಿದ ಉರುಳೆ, ನೀರು ಆ ಬಟ್ಟೆ ದಾಟುವಾಗ ಕೊಳೆ ಅಲ್ಲೇ ನಿಲ್ಲುತ್ತದೆ. ನಮ್ಮ ಮನೆಯದು ನಾಲ್ಕು ಕಾರ್ಟ್ರಿಡ್ಜ್‌ನದು.

ಬಿಚ್ಚುವ ಮೊದಲು ಪಂಪ್ ಆಫ್ ಮಾಡಿದರೆ ಸಾಲದು, ಬ್ರೇಕರನ್ನೇ ಇಳಿಸಿ. ಇಲ್ಲಿಯ ಪಂಪ್‌ಗಳಿಗೆ ಟೈಮರ್ ಇರುತ್ತದೆ. ನಿಮ್ಮ ಕೈ ಒಳಗಿರುವಾಗಲೇ ಅದು ತಾನಾಗಿ ಶುರುವಾದರೆ? ಆಮೇಲೆ ಫಿಲ್ಟರ್ ತಲೆಯ ಮೇಲಿರೋ ಗಾಳಿ ವಾಲ್ವ್ ತೆರೆದು, ಒತ್ತಡ ತೋರಿಸೋ ಮೀಟರಿನ ಮುಳ್ಳು ಸೊನ್ನೆಗೆ ಬರೋವರೆಗೆ ಕಾಯಿರಿ. ಕುಕ್ಕರ್ ಒತ್ತಡ ಇಳಿಯದೆ ಮುಚ್ಚಳ ತೆಗೀತೀವಾ? ಇದೂ ಹಾಗೇ. ಆಮೇಲೆ ಕೆಳಗಿನ ಡ್ರೈನ್ ಬಿರಡೆ ತೆಗೆದು ನೀರು ಪೂರ್ತಿ ಹೋಗೋಕೆ ಬಿಡಿ. ಬಿಚ್ಚುವಾಗ ಪ್ರತಿ ಹಂತದಲ್ಲೂ ಮೊಬೈಲಲ್ಲಿ ಒಂದು ಫೋಟೋ ತೆಗೀರಿ. ಯಾವ ಭಾಗ ಯಾವ ಕಡೆ ತಿರುಗಿತ್ತು ಅಂತ ಒಂದು ಗಂಟೆ ಆದ ಮೇಲೆ ನೆನಪಿರೋದಿಲ್ಲ.

ತೊಳೆಯೋದಕ್ಕೆ ತೋಟದ ಪೈಪ್ ಸಾಕು. ಮಡಿಕೆಗಳ ಮಧ್ಯೆ ಮೇಲಿಂದ ಕೆಳಕ್ಕೆ ನೀರು ಬಿಡ್ತಾ ಹೋಗಿ. ಪ್ರೆಶರ್ ವಾಷರ್ ಹಿಡಿದರೆ ಬಟ್ಟೆ ಹರಿಯುತ್ತದೆ. ಎಣ್ಣೆ, ಸನ್‌ಸ್ಕ್ರೀನ್ ಜಿಡ್ಡು ಇದ್ದರೆ ಫಿಲ್ಟರ್‌ಗೆ ಅಂತಲೇ ಸಿಗೋ ಕ್ಲೀನರ್‌ನಲ್ಲಿ ನೆನೆಸಿ. ಇಲ್ಲಿಯ ನೀರು ತುಂಬಾ ಗಡಸು, ಬಿಳಿ ಸುಣ್ಣ ಕೂರುತ್ತದೆ. ಅದಕ್ಕೆ ಆಸಿಡ್ ಬಳಸೋದಿದ್ದರೆ ಜಿಡ್ಡು ಹೋದ ಮೇಲೇ ಬಳಸಿ. ಕ್ಲೋರಿನ್ ಹತ್ತಿರ ಮಾತ್ರ ಆಸಿಡ್ ಯಾವತ್ತೂ ಒಯ್ಯಬೇಡಿ, ಎರಡೂ ಸೇರಿದರೆ ವಿಷದ ಗಾಳಿ ಏಳುತ್ತದೆ.

ಈಗ ಜೋಡಿಸೋಣ. ಮೊದಲು ಖಾಲಿ ಡಬ್ಬಿಯೊಳಗೆ ಟಾರ್ಚ್ ಹಾಕಿ ನೋಡಿ. ತಳದಲ್ಲಿ ಮರಳು, ಎಲೆ, ಸಣ್ಣ ಕಲ್ಲು ಉಳಿದಿದ್ದರೆ ನೀರು ಬಿಟ್ಟು ತೆಗೀರಿ. ಕಾರ್ಟ್ರಿಡ್ಜ್‌ಗಳು ಕೂರೋ ಜಾಗ ಸ್ವಚ್ಛವಾಗಿರಲೇಬೇಕು. ನಾಲ್ಕನ್ನೂ ಇಳಿಸಿ, ಒಂದೊಂದನ್ನೇ ಅಂಗೈಯಿಂದ ಒತ್ತಿ ಸ್ವಲ್ಪ ಅಲ್ಲಾಡಿಸಿ ನೋಡಿ. ಸರಿಯಾಗಿ ಕೂತಿದ್ದರೆ ಅಲ್ಲಾಡೋದಿಲ್ಲ. ಮೇಲಿನ ತಟ್ಟೆ ನಾಲ್ಕರ ಬಾಯಿಗೂ ಒಟ್ಟಿಗೆ ಕೂರಬೇಕು. ಒಂದು ಓರೆಯಾಗಿದ್ದರೂ ನೀರು ಬಟ್ಟೆ ದಾಟದೆ ಪಕ್ಕದಿಂದ ನುಸುಳುತ್ತದೆ. ಫಿಲ್ಟರ್ ತೊಳೆದ ಮಾರನೇ ದಿನವೇ ಪೂಲ್ ಒಳಗೆ ಮಣ್ಣು ಉಗುಳೋ ಹಾಗೆ ಕಂಡರೆ ಮೊದಲು ಇದನ್ನೇ ಅನುಮಾನಿಸಿ. ಕೆಲವು ಫಿಲ್ಟರ್‌ಗಳಲ್ಲಿ ಒಳಗಿನ ಗಾಳಿ ಹೋಗೋಕೆ ತೆಳ್ಳಗಿನ ಕೊಳವೆ, ಅದರ ತುದಿಗೆ ಒಂದು ಪುಟ್ಟ ಜಾಲರಿ ಇರುತ್ತದೆ. ಅದನ್ನು ಮರೆತು ಹೊರಗೇ ಬಿಟ್ಟರೆ ಎಲ್ಲ ಮತ್ತೆ ಬಿಚ್ಚಬೇಕು.

ಓ-ರಿಂಗ್. ಇದಕ್ಕೆ ಸಮಯ ಕೊಡಿ. ಡಬ್ಬಿಗೂ ಮುಚ್ಚಳಕ್ಕೂ ನಡುವೆ ಇರೋ ಈ ಕಪ್ಪು ರಬ್ಬರ್ ಬಳೆ ಕುಕ್ಕರ್ ಗ್ಯಾಸ್ಕೆಟ್ ಇದ್ದ ಹಾಗೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಕಣ್ಣು ಮುಚ್ಚಿ ಬೆರಳ ತುದಿಯಿಂದ ಇಡೀ ಸುತ್ತು ಸವರಿ. ಕಣ್ಣಿಗೆ ಕಾಣದ ಬಿರುಕು ಬೆರಳಿಗೆ ಸಿಗುತ್ತದೆ. ಬಿರುಕಿದ್ದರೆ, ಅಥವಾ ದುಂಡಗಿರಬೇಕಾದ್ದು ಚಪ್ಪಟೆಯಾಗಿದ್ದರೆ ಹೊಸದು ತನ್ನಿ, ಜಿಪುಣತನ ಬೇಡ. ಚೆನ್ನಾಗಿದ್ದರೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿ. ಮನೆಯಲ್ಲಿದೆ ಅಂತ ಕೊಬ್ಬರಿ ಎಣ್ಣೆ ಹಚ್ಚಬೇಡಿ. ವ್ಯಾಸಲೀನ್ ಅಂತೂ ಬೇಡವೇ ಬೇಡ, ಪೆಟ್ರೋಲಿಯಂ ಜಿಡ್ಡಿಗೆ ಕೆಲವು ಬಗೆಯ ರಬ್ಬರ್ ಊದಿಕೊಳ್ಳುತ್ತದೆ.

ಇಲ್ಲಿ ಮಳೆಗಾಲ ಅಂತ ಲೆಕ್ಕ ಹಾಕೋದು ಜೂನ್ 15ರಿಂದ ಸೆಪ್ಟೆಂಬರ್ 30. ಮಳೆಗಿಂತ ಮೊದಲು ಬರೋದು ಧೂಳು. ಹಬೂಬ್ ಅಂತಾರೆ, ಗೋಡೆ ನಡೆದು ಬಂದ ಹಾಗೆ ಬರುತ್ತದೆ. ನಮ್ಮ ಎರಡನೇ ಬೇಸಿಗೆಯಲ್ಲಿ ಅಂಥ ಒಂದು ಧೂಳು ಬಂದು ಹೋದ ಮೇಲೆ, ಸಂಜೆ ಫಿಲ್ಟರ್ ತೊಳೆದು ಜೋಡಿಸಿದೆ. ಓ-ರಿಂಗ್ ಒರೆಸಿದ್ದೆ, ಅದು ಕೂರೋ ಅಂಚನ್ನು ಒರೆಸಿರಲಿಲ್ಲ. ಬೆಳಿಗ್ಗೆ ಕಾಂಕ್ರೀಟ್ ಮೇಲೆ ನೀರು ನಿಂತಿತ್ತು. ಮತ್ತೆ ಬಿಚ್ಚಿ ನೋಡಿದರೆ ಸಾಸಿವೆ ಕಾಳಿಗಿಂತ ಚಿಕ್ಕ ಒಂದು ಮರಳ ಹರಳು. ರಬ್ಬರಿನಲ್ಲಿ ಅದರದೇ ಆಕಾರದ ಗುಳಿ ಬಿದ್ದಿತ್ತು. ಆವತ್ತಿಂದ ಡಬ್ಬಿಯ ಅಂಚು, ಮುಚ್ಚಳದ ಅಂಚು ಎರಡನ್ನೂ ಒರೆಸಿಯೇ ಮುಂದೆ ಹೋಗೋದು.

ಮುಚ್ಚಳವನ್ನು ಸಮನಾಗಿ ಒತ್ತಿ ಕೂರಿಸಿ, ಮೀಟರ್ ನಿಮಗೆ ಕಾಣೋ ಕಡೆಗಿರಲಿ. ಆಮೇಲೆ ಸುತ್ತಲಿನ ಕ್ಲ್ಯಾಂಪ್ ಪಟ್ಟಿ. ಅದು ಮೇಲಿನ ಅಂಚು, ಕೆಳಗಿನ ಅಂಚು ಎರಡನ್ನೂ ಸುತ್ತ ಪೂರ್ತಿ ಹಿಡಿದಿರಬೇಕು. ನಟ್ ಸ್ವಲ್ಪ ಬಿಗಿ ಮಾಡಿ, ರಬ್ಬರ್ ಸುತ್ತಿಗೆಯಿಂದ ಪಟ್ಟಿಯ ಸುತ್ತ ಮೆಲ್ಲಗೆ ತಟ್ಟಿ, ಮತ್ತೆ ಬಿಗಿ ಮಾಡಿ. ನಟ್ ಹತ್ತಿರ ಸ್ಪ್ರಿಂಗ್ ಇರೋ ಮಾದರಿಯಾದರೆ ಅದರ ಸುರುಳಿಗಳು ಒಂದಕ್ಕೊಂದು ಅಂಟೋವರೆಗೆ ಬಿಗಿ ಮಾಡಬೇಕು. ನಿಮ್ಮ ಮಾದರಿಗೆ ಎಷ್ಟು ಅಂತ ಫಿಲ್ಟರ್ ಮೇಲಿನ ಚೀಟಿಯಲ್ಲೇ ಬರೆದಿರುತ್ತಾರೆ, ಅದೇ ಕೊನೆ ಮಾತು. ಪಟ್ಟಿ ಬಗ್ಗಿದ್ದರೆ, ತುಕ್ಕು ತಿಂದಿದ್ದರೆ ಅದನ್ನು ಮತ್ತೆ ಹಾಕಬೇಡಿ.

ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. 20 ಇಂಚು ಅಗಲದ ಮುಚ್ಚಳ ಅಂದುಕೊಳ್ಳಿ. ಅದರ ವಿಸ್ತೀರ್ಣ ಸುಮಾರು 314 ಚದರ ಇಂಚು. ಒಳಗೆ 20 ಪಿ.ಎಸ್.ಐ. ಒತ್ತಡ, ಅಂದರೆ ಒಂದೊಂದು ಚದರ ಇಂಚಿನ ಮೇಲೂ 20 ಪೌಂಡ್, ಇದ್ದರೆ ಮುಚ್ಚಳವನ್ನು ಮೇಲಕ್ಕೆ ತಳ್ಳೋ ಬಲ 6,280 ಪೌಂಡ್, ನಮ್ಮ ಲೆಕ್ಕದಲ್ಲಿ 2,850 ಕಿಲೋ ಹತ್ತಿರ. ಎರಡು ಕಾರಿನ ತೂಕವನ್ನು ಆ ಒಂದು ಪಟ್ಟಿ ಹಿಡಿದಿರುತ್ತದೆ. ಒಳಗೆ ಬರೀ ನೀರಿದ್ದರೆ ಪಟ್ಟಿ ಜಾರಿದ ಕೂಡಲೇ ಒತ್ತಡ ಇಳಿದುಹೋಗುತ್ತದೆ, ಯಾಕಂದ್ರೆ ನೀರು ಕುಗ್ಗೋದಿಲ್ಲ. ಗಾಳಿ ಸ್ಪ್ರಿಂಗ್ ಥರ ಕುಗ್ಗಿ ಕೂತಿರುತ್ತದೆ. ಬಿಟ್ಟರೆ ಮುಚ್ಚಳ ಹಾರುತ್ತದೆ, ಎದುರಿಗಿದ್ದವರ ಪ್ರಾಣಕ್ಕೇ ಬರುತ್ತದೆ. ಆಗ ತಾನೇ ಜೋಡಿಸಿದ ಫಿಲ್ಟರ್ ಒಳಗೆ ತುಂಬಿರೋದು ಗಾಳಿಯೇ, ಅಲ್ವಾ?

ಹಾಗಾಗಿ ಶುರು ಮಾಡೋ ಕ್ರಮ ಹೀಗೆ. ಡ್ರೈನ್ ಬಿರಡೆ ಹಾಕಿದ್ದೀರಾ ನೋಡಿ. ಬಿಚ್ಚುವಾಗ ಯಾವುದಾದರೂ ವಾಲ್ವ್ ಮುಚ್ಚಿದ್ದರೆ ಅದನ್ನು ಮೊದಲಿದ್ದ ಹಾಗೆ ತೆರೆಯಿರಿ. ಪಂಪ್‌ನ ಬುಟ್ಟಿ ಇರೋ ಪಾತ್ರೆಗೆ ಬಕೆಟ್‌ನಿಂದ ನೀರು ತುಂಬಿ ಮುಚ್ಚಿ, ತೋಟದ ಮೋಟಾರಿಗೆ ನೀರು ಹಾಕಿ ಎಬ್ಬಿಸೋ ಹಾಗೆ. ಗಾಳಿ ವಾಲ್ವ್ ಪೂರ್ತಿ ತೆರೆದಿರಲಿ. ಮಕ್ಕಳನ್ನು ಮನೆಯೊಳಗೆ ಕಳಿಸಿ. ನೀವೂ ಫಿಲ್ಟರ್‌ನಿಂದ ದೂರ ನಿಂತು ಪಂಪ್ ಆನ್ ಮಾಡಿ. ಮೊದಲು ಬುಸ್ ಅಂತ ಗಾಳಿ ಬರುತ್ತದೆ, ಆಮೇಲೆ ಗಾಳಿ ನೀರು ಸೇರಿ ಪಚಪಚ ಅಂತ ಚಿಮ್ಮುತ್ತದೆ, ಕೊನೆಗೆ ತಡೆಯಿಲ್ಲದೆ ನೀರಿನ ಧಾರೆ. ಆ ಧಾರೆ ಬಂದ ಮೇಲಷ್ಟೇ ಹತ್ತಿರ ಹೋಗಿ ವಾಲ್ವ್ ಮುಚ್ಚಿ. ಕೆಲವು ನಿಮಿಷವಾದರೂ ನೀರು ಬರಲಿಲ್ಲ ಅಂದ್ರೆ ಆಫ್ ಮಾಡಿ, ಒಣ ಪಂಪ್ ಓಡಿಸಿದರೆ ಕೆಟ್ಟುಹೋಗುತ್ತದೆ.

ಪಟ್ಟಿಯ ಸುತ್ತ, ಬಿರಡೆ ಹತ್ತಿರ ನೀರು ಜಿನುಗುತ್ತಿದೆಯಾ ನೋಡಿ. ಜಿನುಗಿದರೆ ಪಂಪ್ ಓಡುತ್ತಿರುವಾಗಲೇ ಸ್ಪ್ಯಾನರ್ ಹಾಕಿ ಬಿಗಿ ಮಾಡೋಕೆ ಹೋಗಬೇಡಿ. ಬ್ರೇಕರ್ ಇಳಿಸಿ, ಗಾಳಿ ವಾಲ್ವ್ ತೆರೆದು, ಮುಳ್ಳು ಸೊನ್ನೆಗೆ ಬಂದ ಮೇಲೆ ಬಿಚ್ಚಿ ಒರೆಸಿ ಹಾಕಿ. ಎಲ್ಲ ಸರಿಯಿದ್ದರೆ ಮೀಟರ್ ಎಷ್ಟು ತೋರಿಸುತ್ತದೆ ಅಂತ ಒಂದು ಟೇಪ್ ಮೇಲೆ ತಾರೀಖಿನ ಜೊತೆ ಬರೆದು ಅಂಟಿಸಿ. ಅದಕ್ಕಿಂತ 8ರಿಂದ 10 ಪಿ.ಎಸ್.ಐ. ಏರಿದಾಗ ಮತ್ತೆ ತೊಳೆಯೋ ಹೊತ್ತು.

ಪೈಪ್ ಎಳೆದು ತರೋಕೆ ಅಂತ ಪೂಲ್ ಗೇಟಿಗೆ ಅಡ್ಡ ಏನಾದರೂ ಇಟ್ಟಿದ್ದರೆ ಮರೀದೆ ತೆಗೀರಿ. ಆರು ವರ್ಷದ ಒಳಗಿನ ಮಕ್ಕಳಿರೋ ಮನೆಯಲ್ಲಿ ಪೂಲ್ ಸುತ್ತ ಕನಿಷ್ಠ 5 ಅಡಿ ಎತ್ತರದ ತಡೆ ಇರಬೇಕು ಅಂತ ಅರಿಜೋನಾ ರಾಜ್ಯದ ಕಾನೂನೇ ಹೇಳುತ್ತದೆ. ಮನೆಯೊಳಗೆ ಹೋಗೋ ಮೊದಲು ಗೇಟನ್ನು ಒಂದ್ಸಲ ಎಳೆದು ಬಿಡಿ. ಅದು ತಾನಾಗಿ ಮುಚ್ಚಿ ಚಿಲಕ ಬೀಳಬೇಕು.