ಮನೆ ಎದುರಿನ ಆರು ಗುಂಟೆ ಹುಲ್ಲಿಗೆ ಮಲ್ಚಿಂಗ್ ಮೋವರ್

ಹುಲ್ಲು ಕತ್ತರಿಸುವ ಮಿಷನ್ ನೋಡಲು ಹೊರಡುವ ಮೊದಲೇ ಮನೆಯಲ್ಲಿ ಒಂದು ತೀರ್ಮಾನ ಆಗಿತ್ತು. ಕತ್ತರಿಸಿದ ಹುಲ್ಲು ಅಲ್ಲೇ ಬೀಳಬೇಕು, ಅಲ್ಲೇ ಕೊಳೆಯಬೇಕು. ಹುಲ್ಲನ್ನು ಪುಡಿಮಾಡಿ ಬುಡಕ್ಕೇ ಉದುರಿಸುವ ಇಂಥ ಮಿಷನ್ನಿಗೆ ಮಲ್ಚಿಂಗ್ ಮೋವರ್ ಅನ್ನುತ್ತಾರೆ. ಉಳಿದ ಆಯ್ಕೆಯೆಲ್ಲ ಇದರ ಬೆನ್ನಿಗೆ ಬಂದದ್ದು.

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮೇಗರವಳ್ಳಿಯ ಆಸುಪಾಸಿನಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ; ಅದರ ನೆರೆಯಲ್ಲಿರುವ ನಮ್ಮ ಮಳೆಗಾಲ ಹೇಗಿರುತ್ತದೆಂದು ಬೇರೆ ಹೇಳಬೇಕಿಲ್ಲ. ಮನೆ ಕಟ್ಟುವಾಗ ಜೆಸಿಬಿ ತರಿಸಿ ಎದುರಿನ ದಿಬ್ಬ ತಗ್ಗಿಸಿದ್ದೆವು. ಮೇಲ್ಮಣ್ಣು ಹೋಗಿ ಬರೀ ಜಂಬಿಟ್ಟಿಗೆ ಮಣ್ಣು ಉಳಿಯಿತು. ಮೊದಲ ಮಳೆಗಾಲದಲ್ಲೇ ಅದು ಕೊಚ್ಚಿಕೊಂಡು ಹೋಗಿ ಕೆಳಗಿನ ಅಡಿಕೆ ತೋಟದ ಬಸಿಗಾಲುವೆಯನ್ನೆಲ್ಲ ತುಂಬಿತು. ಮಣ್ಣು ಹಿಡಿದು ನಿಲ್ಲಲಿ ಎಂದು ಕಾರ್ಪೆಟ್ ಹುಲ್ಲು ನೆಟ್ಟೆವು. ಅಂದಕ್ಕಾಗಿ ನೆಟ್ಟದ್ದಲ್ಲ. ಈಗ ಅಂದವಾಗಿಯೂ ಇದೆ, ಅಮ್ಮ ಬೆಳಗ್ಗೆ ಬರಿಗಾಲಲ್ಲಿ ಓಡಾಡುತ್ತಾರೆ, ಅದು ಬೇರೆ ಮಾತು.

ಮೊದಮೊದಲು ತೋಟದ ಕಳೆ ಹೊಡೆಯುವ ಬ್ರಶ್ ಕಟರನ್ನೇ ಇಲ್ಲೂ ಬಳಸುತ್ತಿದ್ದೆ. ಮಲೆನಾಡಿನಲ್ಲಿ ಅದಿಲ್ಲದ ಮನೆ ಕಡಿಮೆ. ತೋಟಕ್ಕೆ ಅದು ಸರಿ, ಹುಲ್ಲುಹಾಸಿಗೆ ಸರಿಯಲ್ಲ. ಕೈ ಒಂದು ಬೆರಳು ತಗ್ಗಿದರೆ ಬುಡ ಬೋಳಾಗುತ್ತದೆ, ಏರಿದರೆ ಜುಟ್ಟು ಉಳಿಯುತ್ತದೆ. ಕತ್ತರಿಸಿದ ಹುಲ್ಲು ಉದ್ದುದ್ದ ಎಸಳಾಗಿ ಒಂದು ಕಡೆ ರಾಶಿ ಬಿದ್ದು ಅದರ ಕೆಳಗಿನದು ಹಳದಿಯಾಗುತ್ತದೆ. ಗುಡಿಸಿ ತೆಗೆದರೆ ಹುಲ್ಲಿನ ಜೊತೆ ಜಾಗದ ಸಾರವೂ ಹೋಗುತ್ತದೆ.

ಈ ಸಾರದ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಕಡೆಯ ಮಣ್ಣಿನಲ್ಲಿ ಪೋಷಕಾಂಶ ನಿಲ್ಲುವುದಿಲ್ಲ, ಮಳೆನೀರಿನ ಜೊತೆ ಇಳಿದು ಹೋಗುತ್ತದೆ. ಹಿರಿಯರು ಸೊಪ್ಪಿನ ಬೆಟ್ಟದಿಂದ ಸೊಪ್ಪು ತಂದು ತೋಟಕ್ಕೆ ಹೊದೆಸುತ್ತಿದ್ದುದು ಸುಮ್ಮನೆ ಅಲ್ಲ. ಹೊದಿಕೆ ಇದ್ದರೆ ಮಳೆಹನಿ ನೇರ ಮಣ್ಣಿಗೆ ಬಡಿಯುವುದಿಲ್ಲ, ಕೊಳೆತದ್ದು ಗೊಬ್ಬರವಾಗುತ್ತದೆ, ಬೇಸಿಗೆಯಲ್ಲಿ ತೇವ ಉಳಿಯುತ್ತದೆ. ಮಲ್ಚಿಂಗ್ ಮೋವರ್ ಮಾಡುವುದೂ ಇದೇ ಕೆಲಸವನ್ನು, ಸೊಪ್ಪನ್ನು ಹೊರಗಿನಿಂದ ತರುವುದಿಲ್ಲ ಅನ್ನುವುದೊಂದೇ ವ್ಯತ್ಯಾಸ. ಒಣತೂಕದಲ್ಲಿ ಲೆಕ್ಕ ಹಾಕಿದರೆ ಕತ್ತರಿಸಿದ ಹುಲ್ಲಿನಲ್ಲಿ ಶೇ 4ರ ಆಸುಪಾಸು ಸಾರಜನಕ ಇರುತ್ತದೆ, ಪೊಟ್ಯಾಷ್ ಅದರ ಅರ್ಧದಷ್ಟಾದರೂ ಇರುತ್ತದೆ. ಅದನ್ನು ಅಲ್ಲೇ ಬಿಟ್ಟರೆ ಹುಲ್ಲುಹಾಸಿಗೆ ವರ್ಷಕ್ಕೆ ಬೇಕಾಗುವ ಸಾರಜನಕದ ಕಾಲು ಭಾಗದವರೆಗೂ ಸಿಗುತ್ತದೆ. ಹಾಗೆ ಬಿಟ್ಟರೆ ಬುಡದಲ್ಲಿ ಮಂದರಿ, ಅಂದರೆ ಚಾಪೆಯಂಥ ಒಣ ಪದರ, ಕಟ್ಟಿಕೊಳ್ಳುತ್ತದೆ ಅನ್ನುವ ಭಯ ಹಲವರಿಗಿದೆ. ಎಲೆಯ ತುದಿಯಲ್ಲಿ ಮುಕ್ಕಾಲು ಪಾಲಿಗೂ ಮೇಲೆ ನೀರೇ ಇರುವುದರಿಂದ ಅದು ಬೇಗ ಕರಗಿ ಹೋಗುತ್ತದೆ. ಮಂದರಿ ಕಟ್ಟುವುದು ಒಣಗಿದ ಬೇರು, ಬಳ್ಳಿಕಾಂಡಗಳಿಂದ.

ಶಿವಮೊಗ್ಗದ ಅಂಗಡಿಗಳಲ್ಲಿ ಮಿಷನ್ ಕೇಳಿದರೆ ಎಲ್ಲರೂ 'ಮಲ್ಚಿಂಗ್ ಇದೆ ಸರ್' ಅನ್ನುತ್ತಾರೆ. ನಾನು ಪ್ರತಿ ಮಿಷನ್ನನ್ನೂ ಮಗುಚಿಸಿ ಹೊಟ್ಟೆ ನೋಡಿದೆ. ನೋಡಬೇಕಾದದ್ದು ಅಲ್ಲೇ ಇರುವುದು. ಮಾಮೂಲಿ ಬ್ಲೇಡಿನ ಹಿಂದಿನ ಅಂಚು ಮೇಲಕ್ಕೆ ಎದ್ದಿರುತ್ತದೆ. ಅದು ಗಾಳಿ ಎಬ್ಬಿಸಿ ಹುಲ್ಲನ್ನು ಹಿಂದಿನ ಚೀಲಕ್ಕೆ ತಳ್ಳುತ್ತದೆ. ಮಲ್ಚಿಂಗ್ ಬ್ಲೇಡಿನ ಮೈ ಬಾಗಿ ಬಳುಕಿರುತ್ತದೆ, ಹರಿತದ ಅಂಚೂ ಹೆಚ್ಚು ಉದ್ದ. ಮೇಲಿನ ಡೆಕ್, ಅಂದರೆ ಬ್ಲೇಡನ್ನು ಮುಚ್ಚುವ ಚಿಪ್ಪು, ಆಳವಾಗಿ, ಒಳಗೆ ಗುಂಡಗೆ ಇರಬೇಕು. ಹಿಂದಿನ ಬಾಯಿಗೆ ಬಿರಡೆ ಹಾಕಿ ಮುಚ್ಚಿದಾಗ ಹುಲ್ಲು ಹೊರಗೆ ಹೋಗಲು ದಾರಿಯಿಲ್ಲದೆ, ಮಿಕ್ಸಿ ಜಾರಿನೊಳಗೆ ತಿರುಗಿದ ಹಾಗೆ ಮತ್ತೆ ಮತ್ತೆ ಬ್ಲೇಡಿಗೆ ಬಂದು ಪುಡಿಯಾಗಿ ಬುಡಕ್ಕೆ ಉದುರುತ್ತದೆ. ಕೆಲವು ಮಿಷನ್ನಿನಲ್ಲಿ ಕೊಡುವುದು ಬಿರಡೆ ಮಾತ್ರ. ಬ್ಲೇಡು ಹಳೇ ನಮೂನೆಯದ್ದು, ಡೆಕ್ ಚಪ್ಪಟೆ. ಅಂಥದ್ದರಲ್ಲಿ ಹುಲ್ಲು ಪುಡಿಯಾಗುವುದಿಲ್ಲ, ಮುದ್ದೆಯಾಗುತ್ತದೆ. ಬಿರಡೆ, ಬ್ಲೇಡು, ಡೆಕ್ ಮೂರೂ ಒಂದಕ್ಕೊಂದು ಹೊಂದಿದ್ದರೆ ಮಾತ್ರ ಅದು ಮಲ್ಚಿಂಗ್ ಮೋವರ್.

ಪಕ್ಕದ ಮನೆಯವರು ನನಗಿಂತ ಹಿರಿಯರು, ಹುಲ್ಲಿನಲ್ಲೂ ಮಳೆಯಲ್ಲೂ ಅನುಭವ ಜಾಸ್ತಿ. ವಿಷಯ ಹೇಳಿದಾಗ ಅವರು ಒಂದೇ ಪ್ರಶ್ನೆ ಕೇಳಿದರು: "ಅದೆಲ್ಲ ಸೈ ಮಾರಾಯ, ಆರಿದ್ರೆ ಮಳೇಲಿ ಎಂತ ಮಾಡ್ತೀಯ?" ಸರಿಯಾದ ಪ್ರಶ್ನೆ. ಒದ್ದೆ ಹುಲ್ಲು ಮಲ್ಚಿಂಗಿಗೆ ಒಗ್ಗುವುದೇ ಇಲ್ಲ. ಡೆಕ್ಕಿನ ಒಳಗೆ ಮೆತ್ತಿಕೊಂಡು ಇಂಜಿನ್ ಉಸಿರುಗಟ್ಟುತ್ತದೆ. ಆರಿದ್ರೆಯಿಂದ ಆಶ್ಲೇಷೆಯವರೆಗೆ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ, ಹುಲ್ಲು ಚೆನ್ನಾಗಿ ಒಣಗುವ ದಿನ ನಮಗೆ ಅಪರೂಪ. ಹುಲ್ಲು ಬೆಳೆಯುವುದೂ ಆಗಲೇ. ಬಿಟ್ಟರೆ ಇಂಬಳದ ಕಾಟ, ಗೇಟಿನವರೆಗೆ ಹೋಗಿ ಬರುವಷ್ಟರಲ್ಲಿ ಕಾಲಿಗೆ ಹತ್ತಿರುತ್ತವೆ.

ಅದಕ್ಕಾಗಿ ಮಲ್ಚಿಂಗ್, ಹಿಂದೆ ಚೀಲ, ಪಕ್ಕಕ್ಕೆ ಎಸೆಯುವುದು, ಮೂರೂ ಇರುವ ಮಿಷನ್ನನ್ನೇ ಹುಡುಕಿದೆ. ಮಳೆ ಬಿಡುವು ಕೊಟ್ಟ ದಿನ ಮಧ್ಯಾಹ್ನದ ಮೇಲೆ ಎತ್ತರ ಹೆಚ್ಚಿಟ್ಟು ಬಿರಡೆ ತೆಗೆದು ಚೀಲ ಹಾಕಿ ಹೊಡೆಯುತ್ತೇನೆ. ಚೀಲದ ಹುಲ್ಲು ಅಡಿಕೆ ಮರದ ಬುಡಕ್ಕೆ ತೆಳುವಾಗಿ ಹರಡುತ್ತದೆ, ಉಳಿದದ್ದು ಗೊಬ್ಬರ ಗುಂಡಿಗೆ. ಮನೆಯ ಗಡಿ ದಾಟಿ ಏನೂ ಹೋಗುವುದಿಲ್ಲ. ಸೆಪ್ಟೆಂಬರಿನಲ್ಲಿ ಬಿಸಿಲು ಕಂಡ ಮೇಲೆ ಬಿರಡೆ ವಾಪಸ್ ಹಾಕಿದರೆ ಬೇಸಿಗೆ ಮಳೆ ಮುಗಿಯುವವರೆಗೂ ಮಲ್ಚಿಂಗೇ.

ಅಗಲದ ಬಗ್ಗೆ ಅಂಗಡಿಯವರಿಗೂ ನನಗೂ ಸಣ್ಣ ಚರ್ಚೆಯೇ ಆಯಿತು. 53 ಸೆಂಟಿಮೀಟರಿನದು ತಗೊಳ್ಳಿ, ಬೇಗ ಮುಗಿಯುತ್ತದೆ ಅಂದರು. ಆರು ಗುಂಟೆ ಅಂದರೆ ಸುಮಾರು 600 ಚದರ ಮೀಟರ್. ಸಾಲಿನ ಮೇಲೆ ಸಾಲು ಸ್ವಲ್ಪ ಹಾಯುವುದನ್ನು ಕಳೆದರೆ 46 ಸೆಂಟಿಮೀಟರಿನ ಮಿಷನ್ನಿಗೆ ಒಂದೂವರೆ ಕಿಲೋಮೀಟರ್ ನಡಿಗೆ, 53ರದಕ್ಕೆ ಸುಮಾರು 1300 ಮೀಟರ್. ಆ 200 ಮೀಟರ್ ಉಳಿಸಲು ಭಾರದ ಮಿಷನ್ನನ್ನು ದಾಸವಾಳ, ನಂದಿಬಟ್ಟಲ ಗಿಡಗಳ ಸಂದಿಯಲ್ಲಿ ತಿರುಗಿಸುವುದು ಬೇಡ ಅನ್ನಿಸಿತು. ಇನ್ನೊಂದು ಕಾರಣ ಮುಖ್ಯವಾದದ್ದು: ಮಲ್ಚಿಂಗಿನಲ್ಲಿ ಒಂದೇ ಹುಲ್ಲನ್ನು ಹಲವು ಸಲ ಕತ್ತರಿಸಬೇಕು, ಅದಕ್ಕೆ ಶಕ್ತಿ ಬೇಕು. ಅದೇ ಇಂಜಿನ್ನಿಗೆ ಬ್ಲೇಡು ಗಿಡ್ಡವಿದ್ದಷ್ಟೂ ಕೆಲಸ ಸಲೀಸು. 160 ಸಿಸಿ ಆಸುಪಾಸಿನ ನಾಲ್ಕು ಸ್ಟ್ರೋಕಿನ ಪೆಟ್ರೋಲ್ ಇಂಜಿನ್, 46 ಸೆಂಟಿಮೀಟರ್ ಬ್ಲೇಡ್ ಎಂದು ಗಟ್ಟಿಮಾಡಿದೆ.

ಇಳಿಜಾರು ಇರುವುದರಿಂದ ತಾನೇ ಚಲಿಸುವ ನಮೂನೆ ಬೇಕೇ ಬೇಕಿತ್ತು. ಬೆಲೆ ಹೆಚ್ಚು, ಆದರೆ ಚೀಲ ತುಂಬಿದ ಮಿಷನ್ನನ್ನು ದಿಬ್ಬಕ್ಕೆ ತಳ್ಳುವವರಿಗೆ ಅದರ ಬೆಲೆ ಗೊತ್ತು. ಇದರಲ್ಲೂ ಮುಂದಿನ ಚಕ್ರ ಎಳೆಯುವುದು, ಹಿಂದಿನ ಚಕ್ರ ತಳ್ಳುವುದು ಎಂದು ಎರಡಿದೆ. ಏರು ಹತ್ತುವಾಗಲೂ ಚೀಲ ತುಂಬಿದಾಗಲೂ ಭಾರ ಹಿಂದಕ್ಕೆ ಬೀಳುವುದರಿಂದ ಮುಂದಿನ ಚಕ್ರ ಹಿಡಿತ ತಪ್ಪಿ ಸುಮ್ಮನೆ ತಿರುಗುತ್ತದೆ. ನಮ್ಮಂಥ ಜಾಗಕ್ಕೆ ಹಿಂದಿನ ಚಕ್ರದ್ದೇ ಸರಿ. ನಡೆದು ಓಡಿಸುವ ಮಿಷನ್ನನ್ನು ಇಳಿಜಾರಿಗೆ ಅಡ್ಡಲಾಗಿ ಓಡಿಸಬೇಕು, ಮೇಲೆ ಕೆಳಗೆ ಓಡಿಸಬಾರದು. ಕಾಲು ಜಾರಿದರೆ ಮಿಷನ್ ಮೈಮೇಲೆ ಬರುತ್ತದೆ ಅಥವಾ ಪಾದ ಅದರಡಿಗೆ ಹೋಗುತ್ತದೆ. ನಮ್ಮ ಧರೆಯ, ಅಂದರೆ ಮಣ್ಣಿನ ದಿಬ್ಬದ, ಅಂಚು 15 ಡಿಗ್ರಿಗಿಂತ ಕಡಿದು. ಅಲ್ಲಿಗೆ ಮೋವರ್ ಒಯ್ಯುವುದೇ ಇಲ್ಲ, ಬ್ರಶ್ ಕಟರೇ.

ಅಂಗಡಿಯಲ್ಲಿ ಎರಡು ವಿಷಯಕ್ಕೆ ಹಟ ಹಿಡಿದೆ. ಮೊದಲನೆಯದು, ಮಿಷನ್ ಚಾಲೂ ಮಾಡಿ ಹಿಡಿಕೆಯ ಸರಳು ಬಿಟ್ಟಾಗ ಬ್ಲೇಡು ಎಷ್ಟು ಬೇಗ ನಿಲ್ಲುತ್ತದೆ ಎಂದು ತೋರಿಸಬೇಕು. 3 ಸೆಕೆಂಡಿನೊಳಗೆ ನಿಲ್ಲಬೇಕು. ಅಮೆರಿಕದಲ್ಲಿ 1982ರಿಂದ ಮನೆಬಳಕೆಯ ಮೋವರಿಗೆ ಇದು ಕಡ್ಡಾಯ. 46 ಸೆಂಟಿಮೀಟರಿನ ಬ್ಲೇಡು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಅದರ ತುದಿ ಗಂಟೆಗೆ 260 ಕಿಲೋಮೀಟರ್ ವೇಗದಲ್ಲಿರುತ್ತದೆ. ನಮ್ಮ ಮಣ್ಣಿನ ತುಂಬ ಜಂಬಿಟ್ಟಿಗೆ ಚೂರು. ಹೊಡೆಯುವ ಮೊದಲು ನಾನು ಜಾಗ ಪೂರಾ ಒಮ್ಮೆ ನಡೆದು ಕಲ್ಲು, ಅಡಿಕೆ ಹಾಳೆ, ಮಕ್ಕಳ ಚೆಂಡು ಎಲ್ಲ ಆಯುತ್ತೇನೆ. ಗಂಬೂಟು, ಕನ್ನಡಕ, ಕಿವಿಗೆ ಮುಚ್ಚಳ ಇಲ್ಲದೆ ಹಗ್ಗ ಎಳೆಯುವುದಿಲ್ಲ, ಆಗ ಮಕ್ಕಳು ಜಗಲಿ ಇಳಿಯುವ ಹಾಗೂ ಇಲ್ಲ.

ಎರಡನೆಯದು ಬಿಡಿಭಾಗ. 'ತರಿಸಿಕೊಡ್ತೀವಿ' ಅನ್ನುವ ಮಾತಿಗೆ ನಾನು ಒಪ್ಪಲಿಲ್ಲ. ಮಲ್ಚಿಂಗ್ ಬ್ಲೇಡು, ಏರ್ ಫಿಲ್ಟರ್, ಸ್ಟಾರ್ಟರ್ ಹಗ್ಗ ಮೂರನ್ನೂ ಕಪಾಟಿನಿಂದ ತೆಗೆದು ಕೈಗೆ ಕೊಟ್ಟ ಅಂಗಡಿಯಲ್ಲೇ ತಗೊಂಡೆ, ಒಂದು ಬ್ಲೇಡನ್ನು ಅವತ್ತೇ ಹೆಚ್ಚಿಗೆ ತಂದೆ. ಡೆಕ್ ಅಲ್ಯೂಮಿನಿಯಂನದ್ದು. ತಗಡಿನದು ಅಗ್ಗ, ಆದರೆ ಒದ್ದೆ ಹುಲ್ಲು ಮೆತ್ತಿದ ತಗಡು ನಮ್ಮ ಮಳೆಗಾಲದ ತೇವಕ್ಕೆ ತುಕ್ಕು ಹಿಡಿಯಲು ತಡವಾಗುವುದಿಲ್ಲ.

ಬಳಕೆಯಲ್ಲಿ ನಾನು ಮೀರದ ನಿಯಮ ಒಂದು: ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. 6 ಸೆಂಟಿಮೀಟರಿಗೆ ಇಡಬೇಕೆಂದರೆ 9 ಆಗುತ್ತಿದ್ದಂತೆ ಹೊಡೆಯಬೇಕು. ಮಳೆಯಿಂದ ತಪ್ಪಿಹೋಗಿ ಬೆಳೆದುಬಿಟ್ಟಿದ್ದರೆ ಮೊದಲು ಎತ್ತರದಲ್ಲಿ ಚೀಲ ಹಾಕಿ ಒಂದು ಸುತ್ತು, ನಾಲ್ಕಾರು ದಿನ ಬಿಟ್ಟು ತಗ್ಗಿಸಿ ಇನ್ನೊಂದು. ಮಲ್ಚಿಂಗ್ ಮಾಡುವಾಗ ನಿಧಾನ ನಡೆಯಬೇಕು. ಇಂಜಿನ್ ಸದ್ದು ಕುಗ್ಗಿತೆಂದರೆ ಹುಲ್ಲು ಹೆಚ್ಚಾಯಿತೆಂದು ಅರ್ಥ, ಆಗ ಅರ್ಧ ಅಗಲಕ್ಕೆ ಮಾತ್ರ ಹಾಯಿಸುತ್ತೇನೆ. ಎಲ್ಲಾದರೂ ಮುದ್ದೆ ಬಿದ್ದರೆ ತೆಂಗಿನ ಕಡ್ಡಿ ಪೊರಕೆಯಿಂದ ಕೆದರಿ ಹರಡಿದರಾಯಿತು.

ಜನವರಿಯಿಂದ ಮಾರ್ಚಿನವರೆಗೆ ಈ ಮಿಷನ್ನಿನ ಇನ್ನೊಂದು ಗುಣ ಗೊತ್ತಾಗುತ್ತದೆ. ಹಲಸು, ಮಾವಿನ ತರಗೆಲೆ ಹುಲ್ಲಿನ ಮೇಲೆ ಗರಿಗರಿಯಾಗಿ ಬಿದ್ದಿರುವಾಗ ಅದರ ಮೇಲೆಯೇ ಎರಡು ಸಲ ಅಡ್ಡ ಉದ್ದ ಓಡಿಸಿದರೆ ಕಾಸಿನಗಲದ ಚೂರಾಗಿ ಹುಲ್ಲಿನ ಸಂದಿಗೆ ಇಳಿಯುತ್ತದೆ. ಗುಡಿಸುವುದೂ ಇಲ್ಲ, ಸುಡುವುದೂ ಇಲ್ಲ. ಮಳೆ ಹಿಡಿದ ಮೇಲೆ ಅದೇ ಜಾಗದಲ್ಲಿ ಎರೆಹುಳು ಎಬ್ಬಿಸಿದ ಮಣ್ಣಿನ ಗುಪ್ಪೆಗಳು ಎಲ್ಲೆಲ್ಲೂ. ಜೆಸಿಬಿ ಬೋಳು ಮಾಡಿದ ನೆಲದಲ್ಲಿ ಅವನ್ನು ನೋಡುವಾಗ ನನಗೆ ಆಗುವ ಸಮಾಧಾನ ದೊಡ್ಡದು.

ಬ್ಲೇಡು ಹರಿತವಿಲ್ಲದಿದ್ದರೆ ಮಲ್ಚಿಂಗ್ ನಡೆಯುವುದಿಲ್ಲ. ಹೊಡೆದ ಮಾರನೆಯ ದಿನ ಹುಲ್ಲಿನ ತುದಿ ನಾರುನಾರಾಗಿ ಕಂದಿದ್ದರೆ ಬ್ಲೇಡು ಮೊಂಡಾಗಿದೆ. ಮೊದಲು ಸ್ಪಾರ್ಕ್ ಪ್ಲಗ್ಗಿನ ಟೋಪಿ ಕೀಳುತ್ತೇನೆ, ಕಾರ್ಬೊರೇಟರ್ ಮೇಲೆ ಬರುವಂತೆ ಮಿಷನ್ ವಾಲಿಸುತ್ತೇನೆ. ಆ ಕಡೆ ವಾಲಿಸಿದರೆ ಎಣ್ಣೆ ಏರ್ ಫಿಲ್ಟರಿಗೆ ಇಳಿಯುವುದಿಲ್ಲ. ಬ್ಲೇಡು ಬಿಚ್ಚಿ ಅರದಿಂದ ಎರಡೂ ಕಡೆ ಸಮನಾಗಿ ತಿಕ್ಕಿ, ಗೋಡೆಯ ಮೊಳೆಗೆ ನಡುವಿನ ತೂತಿನಲ್ಲಿ ನೇತುಹಾಕಿ ನೋಡುತ್ತೇನೆ. ಒಂದು ಕಡೆ ವಾಲಿದರೆ ಆ ಕಡೆ ಇನ್ನಷ್ಟು ತಿಕ್ಕಬೇಕು. ತೂಕ ತಪ್ಪಿದ ಬ್ಲೇಡು ಹಿಡಿಕೆಯನ್ನು ನಡುಗಿಸುತ್ತದೆ, ಇಂಜಿನ್ನಿನ ಶಾಫ್ಟಿಗೂ ಕೇಡು. ಪೆಟ್ರೋಲಿನ ವಿಷಯದಲ್ಲೂ ಎಚ್ಚರ ಬೇಕು. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆತದ್ದು, ಎಥೆನಾಲ್ ಗಾಳಿಯ ತೇವ ಹೀರುತ್ತದೆ. ಮಳೆ ಹಿಡಿದು ವಾರಗಟ್ಟಲೆ ಮಿಷನ್ ನಿಲ್ಲುವ ಹಾಗಿದ್ದರೆ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿಯೇ ಒಳಗಿಡುತ್ತೇನೆ.

ನಮ್ಮ ತಂಗಿ ಇರುವುದು ಶಿವಮೊಗ್ಗದ ವಿನೋಬನಗರದಲ್ಲಿ. "ಅಣ್ಣ, ನಮಗೂ ನಿಮ್ಮದೇ ಮಿಷನ್ ನೋಡು" ಅಂದಳು. ಬೇಡ ಅಂದೆ. ಅವಳದು ಒಂದು ಗುಂಟೆಯೂ ಇಲ್ಲದ ಸಮತಟ್ಟು ಜಾಗ, ಅಲ್ಲಿಯ ಮಳೆಯೂ ನಮ್ಮ ಮಳೆಯ ಸಣ್ಣ ಪಾಲು, ಅಕ್ಕಪಕ್ಕ ಒತ್ತೊತ್ತಾಗಿ ಮನೆಗಳು. ಅಂಥ ಕಡೆ ಪೆಟ್ರೋಲ್ ಇಂಜಿನ್ನಿನ ಸದ್ದು, ಹೊಗೆ ಯಾಕೆ? ನಮ್ಮೂರಲ್ಲಿ ಮಳೆಗಾಲದ ಕರೆಂಟು, ಅದರ ವೋಲ್ಟೇಜು ನಂಬಿ ವಿದ್ಯುತ್ ಮೋಟಾರು ತಗೊಳ್ಳುವ ಹಾಗಿಲ್ಲ, ಅವಳಿಗೆ ಆ ತೊಂದರೆ ಇಲ್ಲ. 36 ವೋಲ್ಟಿನ ಬ್ಯಾಟರಿಯದ್ದು, ಅಗಲ 40 ಸೆಂಟಿಮೀಟರಿನೊಳಗೆ, ಮಲ್ಚಿಂಗ್ ಬಿರಡೆ ಜೊತೆಯಲ್ಲೇ ಬರುವಂಥದ್ದು ನೋಡು, ಬ್ಯಾಟರಿಯನ್ನು ಮಾತ್ರ ಮಿಷನ್ನಿನಲ್ಲೇ ಬಿಡದೆ ಮನೆಯೊಳಗೆ ತೇವವಿಲ್ಲದ ಕಡೆ ಇಡು ಎಂದು ಹೇಳಿದ್ದೇನೆ. ಅಂಗಡಿಗೆ ಹೋದಾಗ ಮಗುಚಿಸಿ ನೋಡಲು ಮರೆಯಬೇಡ ಎಂದೂ ಹೇಳಿದ್ದೇನೆ.